ರುಚಿ ನೋಡದ ಅಡುಗೆ

ಪೀಣ್ಯದ ಕಾರ್ಖಾನೆಗಳ ಬೆನ್ನಿಗೇ ಇದ್ದ ಬಡಾವಣೆಯೊಂದರಲ್ಲಿ, ಮೊದಲ ಮಹಡಿಯ ಮನೆಯ ಪ್ರಭಾಳಿಗೆ ನೆಂಟರೆಂದರೆ ಹೆದರಿಕೆಯೇ ಇರಲಿಲ್ಲ. ಹೇಳದೆ ಕೇಳದೆ ಯಾರೇ ಬರಲಿ, ಅವರು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ತುಮಕೂರು ರಸ್ತೆಯ ಟ್ರಾಫಿಕ್ಕನ್ನು ಬೈದು ಮುಗಿಸುವಷ್ಟರಲ್ಲಿ ಗೊಜ್ಜವಲಕ್ಕಿ ತಟ್ಟೆಗೆ ಬಂದಿರುತ್ತಿತ್ತು. ಊಟಕ್ಕೇ ನಿಂತರೆ ಕುಕ್ಕರಿನಲ್ಲಿ ಮೆಂತ್ಯದ ಬಾತು, ಪಕ್ಕದ ಒಲೆಯಲ್ಲಿ ಬೂದುಗುಂಬಳದ ಮಜ್ಜಿಗೆಹುಳಿ, ಅದು ಕುದಿಯುವಷ್ಟರಲ್ಲಿ ಒಂದಿಷ್ಟು ಸೌತೆಕಾಯಿ ಕೋಸಂಬರಿ. ಗಂಡ ಶ್ರೀಕಾಂತ್ ಕೆಲಸದಿಂದ ದಣಿದು ಬರುವ ಮಾಮೂಲಿ ದಿನಗಳಲ್ಲೂ ಅವಳು ಮಾಡುತ್ತಿದ್ದದ್ದು ಇವನ್ನೇ. ನೆಂಟರು ಬಂದ ದಿನ ಬಾತಿಗೆ ನಾಲ್ಕು ಗೋಡಂಬಿ ಹೆಚ್ಚು ಬೀಳುತ್ತಿತ್ತು, ಅಷ್ಟೆ.

ಇಷ್ಟೆಲ್ಲವನ್ನೂ ಅವಳು ಒಮ್ಮೆಯೂ ರುಚಿ ನೋಡದೆ ಮಾಡುತ್ತಿದ್ದಳು. ಅತ್ತೆ ತೀರಿಕೊಂಡು ವರ್ಷಗಳಾಗಿದ್ದರೂ ಅವರ ಕಟ್ಟಳೆ ಅಡುಗೆಮನೆ ಬಿಟ್ಟು ಹೋಗಿರಲಿಲ್ಲ. ದೇವರಿಗೆ ಇಡುವ ಮೊದಲು, ಬಂದವರು ಉಣ್ಣುವ ಮೊದಲು ಅಡುಗೆಯನ್ನು ನಾಲಿಗೆಗೆ ಮುಟ್ಟಿಸಿದರೆ ಎಂಜಲಾಗುತ್ತದೆ. ಹಾಗಾಗಿ ಮದುವೆಯಾಗಿ ಬಂದ ಹೊಸದರಲ್ಲೇ ಪ್ರಭಾ ಮೂಗಿನಲ್ಲಿ ಅಡುಗೆ ಮಾಡುವುದನ್ನು ಕಲಿತಳು. ಉಪ್ಪು ಬಿದ್ದ ಹುಳಿಯ ಘಮ ಬೇರೆ, ಬೀಳದ್ದರ ಘಮ ಬೇರೆ. ಸೌಟು ತಿರುಗಿಸಿ, ಬಗ್ಗಿ ಒಮ್ಮೆ ಆವಿ ಎಳೆದುಕೊಂಡರೆ ಸಾಕು, ಎಲ್ಲ ಗೊತ್ತಾಗುತ್ತಿತ್ತು. ಅತ್ತೆ ಹೊಗಳುವ ಜಾತಿಯಲ್ಲ, ಆದರೂ ಒಮ್ಮೆ ನೆರೆಯವರ ಮುಂದೆ ಹೊಗಳಿದ್ದರು. ಅದನ್ನು ಪ್ರಭಾ ಒಡವೆಯ ಹಾಗೆ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಶ್ರೀಕಾಂತ್ ಮಾತ್ರ ಹೊಗಳಿದವರೇ ಅಲ್ಲ. ಇಷ್ಟವಾದರೆ ತಟ್ಟೆ ಮುಂದೆ ಸರಿಸಿ “ಇನ್ನೊಂಚೂರು ಹಾಕು” ಎನ್ನುತ್ತಿದ್ದರು. ಅದೇ ಅವರ ಬಿರುದು ಬಾವಲಿ ಎಲ್ಲ. ಅವರು ಮೊದಲು ಇದ್ದದ್ದು ಸರ್ಕಾರಿ ಕಾರ್ಖಾನೆಯೊಂದರಲ್ಲಿ. ಅದು ನೆಲಕಚ್ಚಿದಾಗ ಸ್ವಯಂನಿವೃತ್ತಿ ಬರೆದುಕೊಟ್ಟು, ಪೀಣ್ಯದ ಸಣ್ಣ ವರ್ಕ್‌ಶಾಪಿಗೆ ಸೇರಿದರು. ಅಲ್ಲಿ ಅವರನ್ನು ಕೇಳುವವರಿರಲಿಲ್ಲ. ವರ್ಷಕ್ಕೊಮ್ಮೆ, ಆಯುಧಪೂಜೆಯ ಸಂಜೆ ಮಾತ್ರ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಹಳೆಯ ಕಾರ್ಖಾನೆಯ ಗೆಳೆಯರು ಅಂದು ಇವರ ಮನೆಯಲ್ಲೇ ಸೇರುತ್ತಿದ್ದರು. ಪೂಜೆ ಮಾಡಲು ಮಷೀನಿಲ್ಲವಲ್ಲ, ಅವರಲ್ಲೊಬ್ಬರಾದ ಗೋಪಾಲಪ್ಪನವರು ತಮ್ಮ ಹಳೆಯ ಅಳತೆಯ ಉಪಕರಣವೊಂದನ್ನು ತಂದು ಮಣೆಯ ಮೇಲಿಟ್ಟು ಕುಂಕುಮ ಹಚ್ಚುತ್ತಿದ್ದರು. ಎಲ್ಲರೂ ಅದಕ್ಕೇ ಕೈ ಮುಗಿದು ಊಟಕ್ಕೆ ಕೂರುತ್ತಿದ್ದರು.

“ಕಾರ್ಖಾನೆ ಹೋದ್ರೂ ನಿಮ್ಮ ಮಜ್ಜಿಗೆಹುಳಿ ಇನ್ನೂ ಇದೆಯಲ್ಲ ತಾಯಿ, ಅಷ್ಟು ಸಾಕು,” ಎನ್ನುತ್ತಿದ್ದರು ಗೋಪಾಲಪ್ಪ. ಆಗ ಗಂಡನ ಮುಖ ನೋಡುವುದಕ್ಕೆಂದೇ ಪ್ರಭಾ ಬಾಗಿಲ ಹತ್ತಿರ ನಿಲ್ಲುತ್ತಿದ್ದಳು.

ಎರಡು ಸಾವಿರದ ಹನ್ನೊಂದರ ಮಳೆಗಾಲದಲ್ಲಿ ಅವಳಿಗೆ ನೆಗಡಿ, ಜ್ವರ ಬಂತು. ಜ್ವರ ಹೋಯಿತು, ಮೂಗು ವಾಪಸು ಬರಲಿಲ್ಲ. ಒಂದು ದಿನ ಗಂಡನ ಅಂಗಿ ನೆನೆಹಾಕುವಾಗ ಅವಳಿಗೆ ಥಟ್ಟನೆ ಹೊಳೆಯಿತು. ದಿನವೂ ಬೈದುಕೊಳ್ಳುತ್ತಿದ್ದ ಮಷೀನಿನ ಎಣ್ಣೆಯ ವಾಸನೆ ಅಂಗಿಯಲ್ಲಿರಲಿಲ್ಲ. ಸೋಪಿನದೂ ಇಲ್ಲ, ಇಂಗಿನದೂ ಇಲ್ಲ. ಡಾಕ್ಟರು ಟಾರ್ಚು ಹಾಕಿ ನೋಡಿ, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಈ ಮಾತಿಗೆ ಡಾಕ್ಟರೇ ಬೇಕಿತ್ತೇ?

ಗಂಡನಿಗೆ ಅವಳು ಹೇಳಲಿಲ್ಲ. ಹೇಳಿದರೆ ಆಯುಧಪೂಜೆಯ ಊಟ ಈ ಸಲ ಬೇಡ ಎನ್ನುತ್ತಾರೆ, ಈ ಸಲ ಬೇಡವಾದದ್ದು ಆಮೇಲೆ ಎಂದಿಗೂ ಬೇಡವಾಗುತ್ತದೆ. ಕೈಯ ಅಂದಾಜಿದೆಯಲ್ಲ, ಹೇಗೋ ಆಗುತ್ತದೆ ಎಂದುಕೊಂಡಳು. ಅಂದಾಜು ಸರಿಯಾಗೇ ಇತ್ತು ಎಂದು ಅವಳು ನಂಬುವುದಕ್ಕೂ ಕಾರಣವಿತ್ತು. ಶ್ರೀಕಾಂತ್ ಇದ್ದಕ್ಕಿದ್ದಂತೆ “ಚೆನ್ನಾಗಿದೆ” ಎನ್ನತೊಡಗಿದ್ದರು. ಉಪ್ಪಿಟ್ಟಿಗೂ ಚೆನ್ನಾಗಿದೆ, ಬರೀ ತಿಳಿಸಾರಿಗೂ ಚೆನ್ನಾಗಿದೆ. ಈ ವಯಸ್ಸಿನಲ್ಲಿ ಇದೇನು ಹೊಸ ಚಾಳಿ ಎಂದು ಅವಳು ಒಳಗೊಳಗೇ ನಾಚಿದಳು, ಪಾಪ.

ಆಯುಧಪೂಜೆ ಬಂತು. ಗೋಪಾಲಪ್ಪನವರು ಗಂಟಲಿನ ಆಪರೇಷನ್ ಆಗಿ, ಅರ್ಧಕ್ಕರ್ಧ ಇಳಿದುಹೋಗಿ, ಮಗನ ಕೈ ಹಿಡಿದು ಮೆಟ್ಟಿಲು ಹತ್ತಿದರು. ಅವರಿಗಾಗಿಯೇ ಪ್ರಭಾ ಮಜ್ಜಿಗೆಹುಳಿಗೆ ಕಾಯಿ ಧಾರಾಳವಾಗಿ ರುಬ್ಬಿದ್ದಳು. ಕಾಯಿಯ ಹೋಳು ನೋಡುವುದಕ್ಕೆ ಬೆಳ್ಳಗೇ ಇತ್ತು. ಹಸಿಮೆಣಸಿನಕಾಯಿ, ಶುಂಠಿ, ನೆನೆದ ಕಡಲೆಬೇಳೆ ಎಲ್ಲ ಕೈಯಳತೆಯಲ್ಲೇ ಬಿದ್ದವು. ಅಭ್ಯಾಸಬಲದಿಂದ ಬಗ್ಗಿ ಆವಿ ಎಳೆದುಕೊಂಡಳು. ಮುಖ ಬಿಸಿಯಾಯಿತು, ಅಷ್ಟೆ.

ಹುಳಿ ಬಡಿಸಿದ ಮೇಲೆ ಮಾತು ನಿಂತಿತು. ಹಸಿದವರು ಉಣ್ಣುವಾಗ ಮಾತಾಡುವುದಿಲ್ಲ ಎಂದುಕೊಂಡಳು. ಗೋಪಾಲಪ್ಪನವರು “ಇನ್ನೊಂದು ಸೌಟು ಹಾಕಿ ತಾಯಿ” ಎಂದಾಗಲಂತೂ ಅವಳ ಜೀವ ತಂಪಾಯಿತು. ಶ್ರೀಕಾಂತ್ ತಾವೂ ಹಾಕಿಸಿಕೊಂಡು ಗಟಗಟನೆ ಕುಡಿದರು.

ಎಲ್ಲರೂ ಹೊರಟ ಮೇಲೆ ಎಲೆ ತೆಗೆಯಲು ಬಗ್ಗಿದಳು. ಒಬ್ಬರು ಹುಳಿಯ ಮೇಲೆ ಹಪ್ಪಳ ಮುಚ್ಚಿದ್ದರು. ಇನ್ನೊಬ್ಬರು ಹೋಳುಗಳನ್ನು ಬಾತಿನ ಅಡಿಗೆ ತಳ್ಳಿದ್ದರು. ಅಷ್ಟರಲ್ಲಿ ಕೆಳಗಿನ ಮನೆಯ ಕಮಲಮ್ಮ ಪ್ರತಿವರ್ಷದಂತೆ ಬಟ್ಟಲು ಹಿಡಿದು ಬಂದರು. ಪಾತ್ರೆಯ ಮುಚ್ಚಳ ತೆಗೆದವರೇ ಸೆರಗನ್ನು ಮೂಗಿಗೆ ಹಿಡಿದರು.

“ಅಯ್ಯೋ, ಕಾಯಿ ಕೌಟು ಹೊಡೀತಿದೆಯಲ್ರೀ ಪ್ರಭಾ! ಇದನ್ನೇ ಬಡಿಸಿಬಿಟ್ರಾ?”

ಪ್ರಭಾ ಅಂಗೈಗೆ ಹುಳಿ ಸುರಿದುಕೊಂಡು ಬಾಯಿಗೆ ಹಾಕಿಕೊಂಡಳು. ಹುಳಿ ಹದವಾಗಿತ್ತು, ಉಪ್ಪು ಹದವಾಗಿತ್ತು. ಅದರಾಚೆ ನಾಲಿಗೆಗೆ ಏನೂ ತಿಳಿಯಲಿಲ್ಲ. ಊಟದಲ್ಲಿ ಉಪ್ಪು ಹುಳಿ ತಿಳಿಯುತ್ತಿದ್ದುದರಿಂದ, ಮೂಗು ಹೋದರೂ ಕೊನೆಗೆ ಅತ್ತೆಯ ಕಟ್ಟಳೆ ಮುರಿದು ರುಚಿ ನೋಡಬಹುದು ಎಂಬ ಒಂದು ಧೈರ್ಯ ಅವಳಲ್ಲಿತ್ತು. ಅದೂ ಹೋಯಿತು. ಅವಳಿಗೆ ನಿಂತಲ್ಲೇ ಅಳು ಬಂತು.

ಕಮಲಮ್ಮ ಹೋದ ಮೇಲೆ ಗಂಡನನ್ನು ಕೇಳಿದಳು. “ನಿಮಗೆ ಯಾವಾಗಿಂದ ಗೊತ್ತು?”

“ಹಾಲು ಸೀದು ಮನೆಯೆಲ್ಲ ಹೊಗೆ ವಾಸನೆ ಬಂದಿತ್ತಲ್ಲ, ನೀನು ಪಕ್ಕದಲ್ಲೇ ನಿಂತು ತರಕಾರಿ ಹೆಚ್ತಿದ್ದೆ. ಆವತ್ತಿಂದ.”

“ಬೈಬಾರದಿತ್ತೇನ್ರೀ? ಬೈದಿದ್ರೆ ಇವತ್ತು ಕಮಲಮ್ಮನ ಕೈಲಿ ಕಾಯಿ ನೋಡಿಸ್ತಿದ್ದೆ.”

“ನಿನಗೆ ಬೇಜಾರಾಗುತ್ತೆ ಅಂತ...” ಎಂದರು ಶ್ರೀಕಾಂತ್. ಆಮೇಲೆ, “ಗೋಪಾಲಪ್ಪನಿಗೂ ಈಗ ರುಚಿ ಗೊತ್ತಾಗಲ್ವಂತೆ. ಆಸ್ಪತ್ರೇಲಿ ಗಂಟಲಿಗೆ ಕರೆಂಟ್ ಕೊಟ್ಟ ಮೇಲೆ ನಾಲಿಗೆ ಹೋಗಿದೆ ಅಂತ ಅವರ ಮಗ ಹೇಳ್ದ,” ಎಂದರು. ಸಮಾಧಾನಕ್ಕೆಂದೇ ಹೇಳಿದರೇನೋ. ಅವಳಿಗೆ ಉಳಿದಿದ್ದ ಆ ಒಂದು ಸೌಟಿನ ಸಂತೋಷವನ್ನೂ ಕಿತ್ತುಕೊಂಡಂತಾಯಿತು.

ಮರುವರ್ಷ ಆಯುಧಪೂಜೆಗೆ ಗೋಪಾಲಪ್ಪನವರು ಇರಲಿಲ್ಲ. ಉಳಿದವರು ಫೋನು ಮಾಡಿ, ಸುಮ್ಮನೆ ಮನೆಯವರಿಗೆ ಯಾಕೆ ತೊಂದರೆ, ಯಶವಂತಪುರದ ಹೋಟೆಲಿನಲ್ಲೇ ಸೇರೋಣ ಎಂದರು. ಶ್ರೀಕಾಂತ್ ಅವಳನ್ನೂ ಕರೆದರು. ತಲೆನೋವೆಂದು ಅವಳು ಹೋಗಲಿಲ್ಲ. ಅವರು ಬೇಗನೇ ವಾಪಸು ಬಂದರು, ಕೈಯಲ್ಲಿ ಬಿಸಿಬೇಳೆಬಾತಿನ ಪಾರ್ಸೆಲ್ ಇತ್ತು. ತಾವೇ ಬಿಚ್ಚಿ ತಟ್ಟೆಗೆ ಹಾಕಿ ಅವಳ ಮುಂದಿಟ್ಟು, ಎದುರಿಗೆ ಕೂತರು.

ಪ್ರಭಾ ಒಂದು ತುತ್ತು ತಿಂದಳು. ಮೆತ್ತಗಿತ್ತು, ಖಾರವಿತ್ತು, ಬಿಸಿಯಿತ್ತು.

“ಹೇಗಿದೆ?” ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಅವರು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

“ಚೆನ್ನಾಗಿದೆ,” ಎಂದಳು ಪ್ರಭಾ, ಮತ್ತು ತಟ್ಟೆ ಮುಂದೆ ಸರಿಸಿ ಇನ್ನೊಂಚೂರು ಹಾಕಿಸಿಕೊಂಡಳು.