ಸಾಹೇಬರ ಕೋಣೆಯ ಕ್ರೋಟನ್

ಬೆಳಿಗ್ಗೆ ಪಕ್ಕದ ಮನೆಯಾಕೆ ಒಂದು ಹಳದಿ ಎಲೆ ತಂದು, ನಡುಮನೆಯ ಕುಂಡದ ಗಿಡಕ್ಕೆ ಏನಾಗಿದೆ ನೋಡಿ ಎಂದರು. ನಾನು ಕನ್ನಡಕ ಏರಿಸಿದೆ. ಎಲೆ ನೋಡಿ ರೋಗ ಹೇಳುವವನೆಂದು ಈ ಬೀದಿಯಲ್ಲಿ ನನಗೆ ಹೆಸರಿದೆ. ಆ ವಿದ್ಯೆಯನ್ನು ಮೊದಲು ಎಲ್ಲಿ ಮೆರೆಸಿದೆನೆಂದು ಆಕೆಗೆ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ಯುದ್ಧದ ಕಾಲ. ಮಂಡ್ಯದ ಒಂದು ಕಚೇರಿಯಲ್ಲಿ ನಾನು ಕಿರಿಯ ಗುಮಾಸ್ತ. ಯಾವ ಕಚೇರಿ ಎನ್ನಬೇಡಿ. ಹೇಳುವ ಧೈರ್ಯ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಸಾಹೇಬರು ಬೆಂಗಳೂರಿನಿಂದ ಒಂದು ಕ್ರೋಟನ್ ಗಿಡ ತರಿಸಿ ತಮ್ಮ ಕೋಣೆಯ ಹೊಸ ಜಮಖಾನದ ಮೇಲೆ ಇಡಿಸಿದರು. ದಿನವೂ ಅದನ್ನು ಮಾತಾಡಿಸಿಯೇ ಕುರ್ಚಿಯಲ್ಲಿ ಕೂರುತ್ತಿದ್ದರು. ನಮ್ಮನ್ನು ಹಾಗೆ ಮಾತಾಡಿಸಿದ್ದು ನೆನಪಿಲ್ಲ.

ಅಂದಮೇಲೆ ಕಚೇರಿಗೆಲ್ಲ ಸಸ್ಯಪ್ರೇಮ ಉಕ್ಕಿತು. ಸಾಹೇಬರು ಬರುವ ಹೊತ್ತಿಗೆ ಹೆಡ್ ಗುಮಾಸ್ತರು ಒಂದು ಚೊಂಬು ನೀರು ಹುಯ್ಯುವರು. ಆಮೇಲೆ ಉಳಿದವರು, ಅವರ ಹಿಂದೆ ನಾನು. ನೀರು ಹುಯ್ಯುವುದಕ್ಕಿಂತ ಹುಯ್ಯುವಾಗ ಕಣ್ಣಿಗೆ ಬೀಳುವುದು ಮುಖ್ಯವಾಗಿತ್ತು.

ತಿಂಗಳೊಳಗೆ ಎಲೆ ಹಳದಿಯಾಯಿತು. ಕ್ರೋಟನ್ನಿಗೆ ಹಳದಿ ಹುಟ್ಟುಗುಣ. ಯಾವ ಹಳದಿ ಚೆಲುವು, ಯಾವುದು ರೋಗ ಎಂಬ ಚರ್ಚೆಗೇ ಒಂದು ವಾರ ಹೋಯಿತು. ಎಲೆ ಉದುರತೊಡಗಿದ ಮೇಲೆ ಹೆಡ್ ಗುಮಾಸ್ತರು ಕಡಲೆಕಾಯಿ ಹಿಂಡಿ ಹಾಕಿಸಿದರು. ನಾನು ಎಲ್ಲಿಂದಲೋ ಒಂದು ಬೇಸಾಯದ ಪುಸ್ತಕ ತಂದು ಓದಿದೆ: ಹಳೆಯ ಎಲೆ ಹಳದಿಯಾದರೆ ಸಾರಜನಕ ಸಾಲದು, ಚಿಗುರೆಲೆಯ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣ ಸಾಲದು. ನಮ್ಮ ಗಿಡದಲ್ಲಿ ಎಲ್ಲ ಎಲೆಯೂ ಹಳದಿ. ಎರಡೂ ಸಾಲದೆಂದು ತೀರ್ಪು ಕೊಟ್ಟು ಕುಂಡದಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ಹೂತೆ. ಸಾಹೇಬರು ನನ್ನನ್ನು ಹೆಸರು ಹಿಡಿದು ಕರೆದದ್ದು ಅಂದೇ ಮೊದಲು.

ಜವಾನ ನಿಂಗಯ್ಯ ಬೆಸಗರಹಳ್ಳಿಯ ಒಕ್ಕಲು ಮನೆಯವನು. ಅವನು ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದ.

“ನೀರು ಎಚ್ಚಾಗ್ಯದೆ ಸ್ವಾಮಿ. ಬೇರು ಕೊಳೀತಾ ಅದೆ. ಮಣ್ಣಾಗೆ ಬೆರಳು ಮಡಗಿ ನೋಡಿ.”

ಯಾವ ಶಾಲೆಯಲ್ಲಿ ಕಲಿತೆಯಪ್ಪ ಎಂದು ನಕ್ಕೆ. ಅವನು ನಗಲಿಲ್ಲ.

ಕೊನೆಗೆ ಗಿಡ ಬೋಳಾಗಿ ನಿಂತಾಗ ಸಾಹೇಬರು ನಮ್ಮೆಲ್ಲರನ್ನೂ ಕರೆಸಿದರು. ಗಿಡ ನೋಡಿಕೊಳ್ಳುವುದು ಜವಾನನ ಕೆಲಸ, ಅವನು ಸರಿಯಾಗಿ ನೋಡಿಕೊಂಡನೇ ಎಂದು ನನ್ನನ್ನೇ ಕೇಳಿದರು, ನಾನು ತಜ್ಞನಲ್ಲವೇ. ನಾವೆಲ್ಲರೂ ಹುಯ್ದ ನೀರೇ ಹೆಚ್ಚಾಯಿತು ಎಂದರೆ ಮುಗಿಯುತ್ತಿತ್ತು. ಹೆಡ್ ಗುಮಾಸ್ತರು ನನ್ನ ಮುಖ ನೋಡುತ್ತಿದ್ದರು. “ಪೋಷಣೆ ಸಾಲದಾಯಿತು ಸಾರ್,” ಎಂದೆ. ನಿಂಗಯ್ಯನಿಗೆ ಹಲಗೂರಿಗೆ ವರ್ಗವಾಯಿತು. ಅವನ ಹೆಂಡತಿಗೆ ಆಗ ತುಂಬು ತಿಂಗಳು.

ಹೊರಡುವ ದಿನ ಅವನು ಸಾಹೇಬರ ಎದುರಿಗೇ ಕುಂಡವನ್ನು ಎತ್ತಿ ಬೋರಲು ಹಾಕಿದ. ಕಪ್ಪು ಬೇರು, ಹಿಂಡಿಯ ಗಬ್ಬು ನಾತ, ನನ್ನ ಮೊಳೆಗಳು. ಕುಂಡದ ತಳದ ತೂತಿಗೆ ಕಚೇರಿಯ ಮೊಹರಿನ ಕೆಂಪು ಅರಗು ಮೆತ್ತಿತ್ತು.

“ಜಮಖಾನ ನೆನೀತದೆ ಅಂತ ತಾವೇ ಮುಚ್ಸುದ್ರಿ ಬುದ್ಧಿ. ಮ್ಯಾಗ್ಲಿಂದ ಎಲ್ಲಾರೂ ಉಯ್ದ್ರು. ನೀರು ಎಲ್ಲಿಗ್ ಓಗ್ಬೇಕು?”

ಆ ಅರಗನ್ನು ಕಾಯಿಸಿಕೊಟ್ಟವನು ನಾನು. ಸಾಹೇಬರು ತೂತನ್ನು ನೋಡಿದರು, ಕೆಳಗೆ ನೋಡಿದರು, ಜಮಖಾನ ಹಾಳು ಮಾಡಿದೆಯಲ್ಲ ಎಂದರು. ವರ್ಗದ ಆದೇಶ ಹಾಗೇ ಉಳಿಯಿತು.

ನಾಲ್ಕು ತಿಂಗಳ ಮೇಲೆ ಬಸ್ಸು ಹತ್ತಿ ಹಲಗೂರಿಗೆ ಹೋದೆ. ತಪ್ಪಾಯಿತು ಎನ್ನುವುದನ್ನು ದಾರಿಯುದ್ದಕ್ಕೂ ಬಗೆಬಗೆಯಾಗಿ ಹೇಳಿಕೊಂಡಿದ್ದೆ. ನಿಂಗಯ್ಯ ಜಗಲಿಯ ಮೇಲೆ ಚಾಪೆ ಹಾಸಿದ. ಹೆರಿಗೆ ಸಸೂತ್ರವಾಗಿತ್ತು; ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ಬಂದು ಮಜ್ಜಿಗೆ ಕೊಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಅವನೆಂದ:

“ಬುಡಿ ಸ್ವಾಮಿ. ನೀವು ನಿಜ ಏಳಾಕಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಅದ್ಕೇ ಕ್ವಾಪ ಬರ್ನಿಲ್ಲ.”

ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಮಜ್ಜಿಗೆ ಕುಡಿದು, ಮಗು ಯಾರ ಹಾಗಿದೆ ಎಂದು ಮಾತಾಡಿ, ಸಂಜೆಯ ಬಸ್ಸಿಗೆ ಮರಳಿದೆ. ಅಂದುಕೊಂಡು ಹೋದ ಮಾತು ಬಾಯಿಂದ ಹೊರಡಲೇ ಇಲ್ಲ.

ಪಕ್ಕದ ಮನೆಯಾಕೆ ಇನ್ನೂ ಎದುರಿಗೆ ಕೂತಿದ್ದರು. ಎಲೆಯ ಮೇಲೆ ಒಂದು ಸಣ್ಣ ಉಪನ್ಯಾಸ ನಾಲಗೆಯ ತುದಿಯಲ್ಲಿತ್ತು. “ನನಗೆ ಗೊತ್ತಿಲ್ಲ ತಾಯಿ,” ಎಂದೆ. ಆಕೆ ನಂಬಲಿಲ್ಲ, ವಿನಯವೆಂದುಕೊಂಡರು. ಇಷ್ಟು ವರ್ಷದಲ್ಲಿ ಈ ವಿಷಯದ ಮೇಲೆ ನಾನು ಆಡಿದ ಮೊದಲ ನಿಜ ಅದು.