ಮೌನಿಯ ಕೆನ್ನೆಯ ಗಂಟು

ನಮ್ಮ ಬೀದಿಯ ಕ್ಷೌರದಂಗಡಿಯ ಟವೆಲ್ ಒಗೆಯುವವಳು ನಾನೇ. ಸಂಜೆ ಒಂದು ಬಕೆಟ್ ತುಂಬ ಬರುತ್ತವೆ, ಬೆಳಿಗ್ಗೆ ಮಡಿಚಿ ಕೊಟ್ಟು ಬರುತ್ತೇನೆ. ಯಾರ ಕೈ ಎಂಥದ್ದು ಅಂತ ಟವೆಲ್ಲೇ ಹೇಳಿಬಿಡುತ್ತದೆ. ಹನ್ನೊಂದು ವರ್ಷದಲ್ಲಿ ಮೌನಿಯ ಟವೆಲ್ ಮೇಲೆ ಒಂದು ಚುಕ್ಕೆ ರಕ್ತ ನಾನು ಕಂಡಿರಲಿಲ್ಲ.

ಮೌನಿ ಅನ್ನುವುದು ಅಂಗಡಿಯವರು ಇಟ್ಟ ಹೆಸರು. ಕ್ಷೌರದಂಗಡಿ ಅಂದರೆ ಮಾತಿನ ಸಂತೆ. ಯಜಮಾನನಂತೂ ಕತ್ತರಿಗಿಂತ ಜೋರಾಗಿ ನಾಲಿಗೆ ಆಡಿಸುತ್ತಾನೆ. ಇವನು ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ. ಬಾಗಿಲ ಪಕ್ಕದ ಬೆಳಕಿನ ಕುರ್ಚಿ ಇವನದು, ಗಡ್ಡ ಬೋಳಿಸಿಕೊಳ್ಳುವವರೆಲ್ಲ ಅಲ್ಲಿಗೇ ಬರುತ್ತಿದ್ದರು. ಕತ್ತಿ ಗಂಟಲ ಮೇಲೆ ಓಡುತ್ತಿರುವಾಗಲೇ ಗೊರಕೆ ಹೊಡೆಯುತ್ತಿದ್ದರು, ಅಷ್ಟು ನಂಬಿಕೆ. ಅವನ ಆಸ್ತಿ ಅಂತ ಇದ್ದದ್ದು ಅದೊಂದೇ.

ಆ ಆಸ್ತಿಗೆ ಕುತ್ತು ತಂದದ್ದು ಒಂದು ಕುರು. ದವಡೆಯ ಮೇಲೆ ಎದ್ದಿತು, ಒಡೆಯಿತು, ಮಾಯಿತು. ಆದರೆ ಮಾಯ್ದ ಜಾಗದಲ್ಲಿ ಕಡಲೆ ಕಾಳಿನಷ್ಟು ಕೆಂಪು ಗಂಟು ಉಳಿಯಿತು. ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಔಷಧಿ ಅಂಗಡಿಯವನು ಕೊಟ್ಟ ಮೂರು ಥರದ ಮುಲಾಮು ಸವರಿದ. ಅದು ಜಪ್ಪಯ್ಯ ಅನ್ನಲಿಲ್ಲ.

ಕನ್ನಡಿಯಲ್ಲಿ ನೋಡಿ ಗಿರಾಕಿಗಳು ಕೇಳತೊಡಗಿದರು.

“ಏನಯ್ಯಾ, ನಿನ್ನ ಕೆನ್ನೆ ಮೇಲೇ ಕೈ ಜಾರಿತಾ?”

ಅವರಿಗೆ ತಮಾಷೆ. ಇವನು ಬಾಯಿ ಬಿಟ್ಟು “ಕುರು ಎದ್ದಿತ್ತು” ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಗೊರಕೆ ಹೊಡೆಯುತ್ತಿದ್ದವರು ಕಣ್ಣು ಬಿಟ್ಟುಕೊಂಡು ಕೂರತೊಡಗಿದರು. ಆಮೇಲೆ ಒಬ್ಬೊಬ್ಬರೇ ಬೇರೆ ಕುರ್ಚಿ ಕೇಳಿದರು. ಯಜಮಾನ ಕೆಟ್ಟವನಲ್ಲ, ಆದರೂ ಒಂದು ದಿನ ಹೇಳಿಯೇಬಿಟ್ಟ.

“ಮುಖ ಸರಿ ಮಾಡ್ಕೊಂಡು ಬಾ ತಮ್ಮಾ. ಅಲ್ಲೀವರೆಗೂ ಹಿಂದಿನ ಕುರ್ಚಿ. ಕತ್ತರಿ ಕೆಲಸ ಮಾಡು, ಕತ್ತಿ ಮುಟ್ಬೇಡ.”

ಹಿಂದಿನ ಕುರ್ಚಿ ನಲ್ಲಿಯ ಪಕ್ಕದ್ದು, ಸೀಟು ಹರಿದದ್ದು, ಮಕ್ಕಳ ತಲೆ ಕತ್ತರಿಸುವುದಕ್ಕೆ ಇಟ್ಟದ್ದು.

ಅದಾಗಿ ಒಂದು ವಾರಕ್ಕೆ, ಬೆಳಿಗ್ಗೆ ನಾನು ಟವೆಲ್ ತೆಗೆದುಕೊಂಡು ಹೋದಾಗ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಯಜಮಾನ ಬಂದಿರಲಿಲ್ಲ. ಮೌನಿ ಬೆಳಕಿನ ಕುರ್ಚಿಯಲ್ಲಿ ತಾನೇ ಕೂತಿದ್ದ. ಕೈಯಲ್ಲಿ ಕತ್ತಿ. ದವಡೆಗೆ ಒತ್ತಿಕೊಂಡಿದ್ದ ಟವೆಲ್ ಕೆಂಪಗೆ ತೊಯ್ದುಹೋಗಿತ್ತು. ಯಾರೋ ಬಂದು ಇರಿದು ಹೋದರು ಅಂತಲೇ ತಿಳಿದೆ.

“ಅಯ್ಯೋ, ಯಾರೋ ಮಾಡಿದ್ದು ಇದು?”

“ಕೂಗಬೇಡಿ ಅಜ್ಜಿ. ನಾನೇ.”

“ನೀನೇ ಅಂದ್ರೆ?”

“ಮಂಜುಗಡ್ಡೆ ಇಟ್ಟು ಮರಗಟ್ಟಿಸ್ಕೊಂಡೆ. ಹೊಸ ಬ್ಲೇಡ್ ಹಾಕಿ ಚರ್ಮದ ಮಟ್ಟಕ್ಕೆ ತೆಗೆದೆ. ಒಂದೇ ಎಳೆತ.”

ಕೆಳಗೆ ಕಾಗದದ ಚೂರಿನ ಮೇಲೆ ಆ ಗಂಟು ಬಿದ್ದಿತ್ತು. ಅವನು ಟವೆಲ್ ಸರಿಸಿ, ಗಡ್ಡ ಬೋಳಿಸಿದ ಮೇಲೆ ಉಜ್ಜುವ ಪಟಿಕದ ಕಲ್ಲನ್ನು ಆ ಹಸಿಗಾಯಕ್ಕೆ ಗಸಗಸ ಉಜ್ಜಿಕೊಂಡ. ಕಣ್ಣಲ್ಲಿ ನೀರು ಇಳಿಯಿತು, ಬಾಯಿಂದ ಒಂದು ಶಬ್ದ ಬರಲಿಲ್ಲ. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಜಗತ್ತಿನಲ್ಲಿ ಬೇರೆ ಯಾರಿಗಾದರೂ ಇಂಥದ್ದು ಹೊಳೆಯುತ್ತದೆಯೇ? ದಿನಾ ಮುಖದ ಮೇಲೆ ಎದ್ದದ್ದನ್ನೆಲ್ಲ ಕತ್ತಿಯಿಂದ ಮಟ್ಟ ಮಾಡುವವನಿಗೆ ಮಾತ್ರ ಹೊಳೆಯಬೇಕು.

“ಯಾರಿಗೂ ಹೇಳಬೇಡಿ ಅಜ್ಜಿ” ಅಂದ. ಹೇಳಲಿಲ್ಲ. ಆ ಟವೆಲ್ಲನ್ನು ಮೂರು ಸಲ ತಣ್ಣೀರಲ್ಲಿ ಹಿಂಡಿದೆ.

ಗಂಟು ತಾನಾಗೇ ಒಡೆಯಿತು ಅಂತ ಯಜಮಾನ ತಿಳಿದುಕೊಂಡ. ಗಾಯ ಒಣಗಿತು. ಹಕ್ಕಳೆ ಉದುರಿದ ಮೇಲೆ ನೋಡಿದರೆ ಗಂಟಿಲ್ಲ, ನುಣ್ಣಗೆ! ನನಗೇ ನಾಚಿಕೆಯಾಯಿತು, ಸುಮ್ಮನೆ ಹೆದರಿದೆನಲ್ಲ ಅಂತ. ಯಜಮಾನ ಅವನನ್ನು ಮತ್ತೆ ಬೆಳಕಿನ ಕುರ್ಚಿಗೆ ಕರೆದ.

ನಲವತ್ತು ದಿನ ಆಗಿರಬೇಕು. ಅವನು ದವಡೆ ಕೆರೆದುಕೊಳ್ಳುವುದು ಕಂಡೆ. ಹತ್ತಿರ ಹೋಗಿ ನೋಡಿದರೆ ಅದೇ ಜಾಗ ಕೆಂಪಗೆ ಉಬ್ಬಿತ್ತು. ಮತ್ತೆರಡು ತಿಂಗಳಿಗೆ ಕಡಲೆ ಕಾಳು ಇದ್ದದ್ದು ಹೆಬ್ಬೆರಳಷ್ಟಾಯಿತು. ಹಳೇ ಗಾಯದ ಗೆರೆಯನ್ನೂ ದಾಟಿ, ಏಡಿಯ ಕಾಲಿನ ಹಾಗೆ ಅಕ್ಕಪಕ್ಕಕ್ಕೆ ಚಾಚಿಕೊಂಡಿತು. ಕೊಯ್ದು ಎಸೆದದ್ದು ಎರಡರಷ್ಟಾಗಿ ಬಂದು ಕೂತಿದೆ!

ಯಜಮಾನ ಈ ಸಲ ತಮ್ಮಾ ಅನ್ನಲಿಲ್ಲ. “ಮತ್ತೆ ಹಿಂದಿನ ಕುರ್ಚಿಗೇ ಹೋಗು. ವರ್ಷದ ಕೊನೆವರೆಗೂ ನೋಡ್ತೀನಿ. ಆಮೇಲೆ ಬೆಳಕಿನ ಕುರ್ಚಿಗೆ ಬೇರೆಯವನನ್ನ ಕರೀತೀನಿ” ಅಂದ.

ಮೌನಿಯ ಹೆಂಡತಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಚರ್ಮದ ಡಾಕ್ಟರ ಹತ್ತಿರ “ಇವರ ಬಾಯಿಂದ ಮಾತು ಬರಲ್ಲ, ನೀವೇ ಜೊತೆಗೆ ಹೋಗಿ ಅಜ್ಜಿ” ಎಂದು ನನ್ನನ್ನು ಕಳಿಸಿದಳು. ಡಾಕ್ಟರು ನಡುವಯಸ್ಸಿನ ಹೆಂಗಸು. ಗಂಟನ್ನು ಒತ್ತಿ ನೋಡಿ, ಅಳತೆಪಟ್ಟಿ ಇಟ್ಟು ಬರೆದುಕೊಂಡರು.

“ಇದಕ್ಕೆ ಕೆಲಾಯ್ಡ್ ಅಂತಾರೆ. ಗಾಯ ತುಂಬಿದ ಮೇಲೂ ಚರ್ಮ ಸುಮ್ಮನಾಗಲ್ಲ, ಬೆಳೀತಾನೇ ಇರುತ್ತೆ. ಮೊದಲು ಯಾರಾದ್ರೂ ಇದನ್ನ ಕೊಯ್ದಿದ್ರಾ?”

“ಇಲ್ಲ” ಅಂದ ಮೌನಿ.

ನಾನು ಬೆರಗಾಗಿ ಅವನ ಮುಖ ನೋಡಿದೆ. ಅವನು ನನ್ನ ಕಡೆ ತಿರುಗಲಿಲ್ಲ.

ಡಾಕ್ಟರು ನಿಧಾನವಾಗಿ ವಿವರಿಸಿದರು. ಗಂಟಿನೊಳಕ್ಕೇ ಸೂಜಿಮದ್ದು, ತಿಂಗಳಿಗೊಂದು. ಅದು ಗಂಟನ್ನು ಕುಗ್ಗಿಸುತ್ತದೆ, ಕೆಲವರಿಗೆ ಆ ಜಾಗ ಗುಳಿ ಬೀಳಬಹುದು, ಬಿಳಿಚಬಹುದು. ಜೊತೆಗೆ ಸಿಲಿಕೋನ್ ಪಟ್ಟಿ, ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಅಂಟಿಸಿಕೊಂಡಿರಬೇಕು, ತಿಂಗಳುಗಟ್ಟಲೆ. ಮಂಜಿಗಿಂತ ತಣ್ಣಗಿನ ಗಾಳಿ ಊದಿ ಗಂಟನ್ನು ಹೆಪ್ಪುಗಟ್ಟಿಸುವುದೂ ಉಂಟು. ಕೆಂಪು ಉಳಿದರೆ ಲೇಸರ್. ಯಾವುದಕ್ಕೂ ಬಗ್ಗದಿದ್ದರೆ ಕೊನೆಗೆ ಆಪರೇಷನ್.

“ಆಪರೇಷನ್ನೇ ಮಾಡಿ ಮೇಡಂ. ಈ ವಾರವೇ ಕೊಯ್ದುಬಿಡಿ” ಅಂದ ಮೌನಿ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. “ಸುಳ್ಳು ಹೇಳ್ತಿದ್ದಾನಮ್ಮಾ! ತಾನೇ ಕತ್ತಿ ಹಿಡಿದು ಕೊಯ್ಕೊಂಡಿದ್ದಾನೆ. ನಾನೇ ಕಣ್ಣಾರೆ ನೋಡಿದ್ದು.”

ಡಾಕ್ಟರ ಪೆನ್ನು ಕಾಗದದ ಮೇಲೆ ನಿಂತೇಹೋಯಿತು. “ಕತ್ತಿಯಿಂದ? ಮುಖದ ಮೇಲೆ? ನೀವೇ?”

ಅವನು ತಲೆ ತಗ್ಗಿಸಿದ.

“ನೋಡಿ, ಬರೀ ಕೊಯ್ದು ಬಿಟ್ರೆ ಚರ್ಮಕ್ಕೆ ಅದೊಂದು ಹೊಸ ಗಾಯ. ಎಷ್ಟೋ ಸಲ ಮೊದಲಿಗಿಂತ ದೊಡ್ಡದಾಗಿ ಬರುತ್ತೆ. ಆಪರೇಷನ್ ಮಾಡಿದ್ರೂ ಅದರ ಹಿಂದೆ ಸೂಜಿಮದ್ದೋ ಕಿರಣದ ಚಿಕಿತ್ಸೆಯೋ ಕೊಟ್ಟೇ ಕೊಡಬೇಕು. ನಿಮಗೆ ಒಂದು ಸಲ ತಿರುಗಿ ಬಂದಿದೆ ಅನ್ನೋದು ನನಗೆ ಮೊದಲೇ ಗೊತ್ತಿರಬೇಕಿತ್ತು. ಸೂಜಿಯಿಂದಲೇ ಶುರು ಮಾಡೋಣ.”

ಮೌನಿಯ ಕೈ ದವಡೆಯ ಗಂಟಿನ ಮೇಲೆ ಹೋಯಿತು. ಅಷ್ಟು ನೋವು ನುಂಗಿ ಮಾಡಿಕೊಂಡದ್ದು ಈ ಗಂಟಿಗೆ ಗೊಬ್ಬರ ಹಾಕಿದ ಹಾಗಾಯಿತಲ್ಲ! ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ. ಆದರೆ ಅವನು ಯಾವತ್ತೂ ಮಾತಾಡುವುದಿಲ್ಲ, ಹಾಗಾಗಿ ಕೋಪವೋ ಅಲ್ಲವೋ ನನಗೆ ತಿಳಿಯಲಿಲ್ಲ.

ನಾಲ್ಕು ಸೂಜಿ ಆಯಿತು. ಕಲ್ಲಿನಂಥ ಗಂಟಿನೊಳಕ್ಕೆ ಮದ್ದು ಇಳಿಸುವಾಗ ಮೌನಿಯ ಬಾಯಿಂದಲೂ “ಅಮ್ಮಾ” ಬಂತು. ಗಂಟು ಮೆತ್ತಗಾಯಿತು, ಅರ್ಧಕ್ಕೆ ಇಳಿಯಿತು. ಆದರೆ ದವಡೆಯ ಮೇಲೆ ಸದಾ ಆ ಪಟ್ಟಿ. ಗಡ್ಡ ಬಿಟ್ಟು ಮುಚ್ಚೋಣವೆಂದರೆ ಕೂದಲಿನ ಮೇಲೆ ಪಟ್ಟಿ ಅಂಟುವುದಿಲ್ಲ. ಪಟ್ಟಿ ಅಂಟಿಸಿಕೊಂಡ ಕ್ಷೌರದವನನ್ನು ಕಂಡರೆ ಗಂಟಿಗಿಂತ ಹೆಚ್ಚು ಭಯ ಜನರಿಗೆ, ನಿನ್ನೆ ಮೊನ್ನೆ ಕೊಯ್ದುಕೊಂಡ ಹಾಗೆ ಕಾಣುತ್ತದೆ.

ವರ್ಷದ ಕೊನೆಯ ವಾರ. ನಾನು ಟವೆಲ್ ಮಡಿಚಿ ಗೂಡಿನಲ್ಲಿ ಇಡುತ್ತಿದ್ದೆ. ಬೆಂಚಿನ ಮೇಲೆ ನಾಲ್ಕು ಜನ ಕಾಯುತ್ತಿದ್ದರು.

“ಅಂಗಡೀಲಾದ್ರೂ ಆ ಪಟ್ಟಿ ಕಿತ್ತು ಹಾಕೋ” ಅಂದ ಯಜಮಾನ. “ಎಷ್ಟು ಸಲ ಕೈ ಜಾರಿಸ್ಕೋತೀಯ ಅಂತ ಎಲ್ಲರೂ ಕೇಳ್ತಾರೆ.”

ಮೌನಿ ಬಾಚಣಿಗೆ ಕೆಳಗಿಟ್ಟ. “ಕೈ ಜಾರಿಲ್ಲ ಅಣ್ಣ. ಮೊದಲು ಎದ್ದಿದ್ದು ಕುರು. ಅದರ ಗಂಟನ್ನ ನಾನೇ ಕೂತು ಕೊಯ್ದೆ. ಆ ಬೆಳಕಿನ ಕುರ್ಚೀಲೇ. ಅದಕ್ಕೇ ಹೀಗೆ ಬೆಳೀತು.”

ಯಜಮಾನನ ಕೈಯ ಕತ್ತರಿ ನೆಲಕ್ಕೆ ಬಿತ್ತು. ಬೆಂಚಿನ ಮೇಲಿದ್ದ ಲಾರಿ ಡ್ರೈವರ್ ತನ್ನ ಕೆನ್ನೆ ಹಿಡಿದುಕೊಂಡ.

“ನನ್ನ ಅಂಗಡಿ ಕತ್ತೀಲಿ? ತಲೆ ಕೆಟ್ಟಿತ್ತೇನೋ ನಿಂಗೆ? ನಂಜಾಗಿ ಸತ್ತಿದ್ರೆ?” ಯಜಮಾನ ಬಾಯಿಗೆ ಬಂದ ಹಾಗೆ ಬೈದ. ಬೈದು ಸುಸ್ತಾದ ಮೇಲೆ ದನಿ ತಗ್ಗಿಸಿ ಕೇಳಿದ. “ಕನ್ನಡಿ ನೋಡ್ಕೊಂಡು? ಎಡಗೆನ್ನೆಗೆ?”

“ಹೂಂ.”

“ಎಷ್ಟು ಎಳೆತ?”

“ಒಂದು.”

“ಪಕ್ಕದ ಚರ್ಮ?”

“ಮುಟ್ಟಿಲ್ಲ.”

“ಹೌದಪ್ಪಾ, ಒಂದೇ ಎಳೆತ. ನುಣ್ಣಗೆ ತೆಗೆದಿದ್ದ” ಅಂದೆ ನಾನು. ಅಷ್ಟು ದಿನ ಮುಚ್ಚಿಟ್ಟದ್ದಕ್ಕೆ ಯಜಮಾನ ನನ್ನನ್ನೂ ದುರುಗುಟ್ಟಿ ನೋಡಿದ.

ಆಮೇಲೆ ಅವನು ನೆಟ್ಟಗೆ ಹೋಗಿ ಬೆಳಕಿನ ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ಚೆಲ್ಲಿ, ಗಂಟಲು ಮೇಲೆತ್ತಿದ.

“ಬೋಳಿಸು.”

ಮೌನಿ ಕದಲಲಿಲ್ಲ.

“ಕಿವುಡಾ? ಹೊಸ ಬ್ಲೇಡ್ ಹಾಕು. ಆ ಪಟ್ಟಿ ಇರಲಿ, ಡಾಕ್ಟರು ಹೇಳಿದ್ದು ತೆಗೀಬೇಡ.”

ಮೌನಿ ನೊರೆ ಹಚ್ಚಿದ. ಕತ್ತಿ ಸರ್ ಸರ್ ಅಂತ ಗಂಟಲ ಮೇಲೆ ಏರಿ ಇಳಿಯಿತು. ಬೆಂಚಿನವರು ಕಣ್ಣು ಮಿಟುಕಿಸಲಿಲ್ಲ. ಮುಗಿದ ಮೇಲೆ ಯಜಮಾನ ಅಂಗೈಯನ್ನು ಕೆನ್ನೆಯ ಮೇಲೆ ಕೆಳಗಿಂದ ಮೇಲಕ್ಕೆ ಎಳೆದು ನೋಡಿಕೊಂಡ.

“ಹೂಂ. ಮುಂದಿನವರು ಯಾರು?”

ಯಾರೂ ಏಳಲಿಲ್ಲ. ಕೊನೆಗೆ ಲಾರಿ ಡ್ರೈವರ್ ಗೊಣಗುತ್ತ ಎದ್ದ. “ನಂಗೆ ಲೋಡ್ ಹಾಕ್ಕೊಂಡು ಹೊರಡಬೇಕು, ಹೊತ್ತಾಗ್ತಿದೆ. ಆದ್ರೆ ಒಂದು ಮಾತು. ನನ್ನ ಕೆನ್ನೆ ಮೇಲೊಂದು ಮಚ್ಚೆ ಇದೆ. ಅದು ನಂದು, ಅಲ್ಲೇ ಇರಲಿ, ಆಯ್ತಾ?”

ಮೌನಿ ನಕ್ಕ. ನಗುವಾಗ ಪಟ್ಟಿಯ ಒಂದು ಅಂಚು ಎದ್ದಿತು. ಬೆರಳಿನಿಂದ ಒತ್ತಿಕೊಂಡು, ಕೈ ತೊಳೆದು, ಒಣ ಟವೆಲ್ಲಿಗಾಗಿ ನನ್ನ ಕಡೆ ಕೈ ಚಾಚಿದ.