ನೀರಿಗೆ ಹೆದರಿದ ಕ್ಯಾಪ್ಟನ್

ಪೆರ್ಮ್ ಊರಿನ ಲಿಫ್ಟ್ ರಿಪೇರಿಯವನು ವೆನ್ಯಾ. ಕೆಟ್ಟು ನಿಂತ ಲಿಫ್ಟಿನ ಜತೆ ಗಂಟೆಗಟ್ಟಲೆ ಮಾತಾಡುತ್ತಿದ್ದ, ಒಳಗೆ ಸಿಕ್ಕಿಕೊಂಡವರ ಜತೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಇಂಥವನು ಒಂದು ತುಲ್ಪಾ ಮಾಡಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ವೆನ್ಯಾ ಸೇರಿದ್ದ ನಮ್ಮ ಗುಂಪಿನಲ್ಲಿ ಎಲ್ಲರೂ ಮಾಡಿಕೊಂಡವರೇ. ತುಲ್ಪಾ ಬೇಕೆಂದರೆ ದಿನಕ್ಕೊಂದು ಗಂಟೆ ಕೂತು, ಒಬ್ಬ ಜತೆಗಾರನನ್ನು ಮನಸ್ಸಿನಲ್ಲೇ ಕೂದಲಿಂದ ಕಾಲುಗುರಿನವರೆಗೆ ಕಟ್ಟಿ, ತಿಂಗಳುಗಟ್ಟಲೆ ಮಾತಾಡಿಸಬೇಕು. ಒಂದು ದಿನ ಅವನೂ ಮಾತಾಡುತ್ತಾನೆ. ಆಮೇಲೆ ಅವನ ಬಾಯಿ ಮುಚ್ಚಿಸುವುದೇ ಕಷ್ಟ.

ವೆನ್ಯಾ ತನ್ನ ತುಲ್ಪಾಗೆ ಅಚ್ಚಾಗಿ ಆರಿಸಿಕೊಂಡದ್ದು ಚಿಕ್ಕಂದಿನ ಕಥೆಪುಸ್ತಕದ ಕಡಲ್ಗಳ್ಳ ಕ್ಯಾಪ್ಟನ್ ವಾರ್ದಾನ್‌ನನ್ನು. ಅವನ ಧೈರ್ಯದಲ್ಲಿ ಚೂರು ತನಗೂ ಅಂಟಲಿ ಎಂಬ ಆಸೆ. ಅಂಟಿತು ಕೂಡ. ಕ್ಯಾಪ್ಟನ್ ಹೇಳಿಕೊಟ್ಟಂತೆ ಪತ್ರ ಬರೆದು ಬರೆದು, ಕಾಮಾ ನದಿಯ ಆಚೆ ದಡದ ರಿಮ್ಮಾಳ ಸ್ನೇಹವಾಯಿತು. ಅವಳದೂ ಒಂದು ತುಲ್ಪಾ ಇತ್ತು. ಟಿವಿ ಧಾರಾವಾಹಿಯೊಂದರ ನ್ಯಾಯಾಧೀಶೆಯ ಅಚ್ಚು. ರಿಮ್ಮಾ ಸೂಪಿಗೆ ಉಪ್ಪು ಹೆಚ್ಚು ಹಾಕಿದರೂ ವಿಚಾರಣೆ ನಡೆಸುತ್ತಿತ್ತು. ಭಾನುವಾರ ತನ್ನ ಬಸ್ ಸ್ಟಾಪಿನಲ್ಲಿ ಭೇಟಿಯಾಗೋಣ ಎಂದಳು ರಿಮ್ಮಾ.

ಅಷ್ಟರಲ್ಲಿ ವೆನ್ಯಾ ಎಡವಟ್ಟು ಮಾಡಿಕೊಂಡ. ತುಲ್ಪಾದ ಎದುರು ಅದರ ಪುಸ್ತಕದ ಕೊನೆ ಓದಬಾರದೆಂದು ನಮ್ಮಲ್ಲಿ ಮೊದಲ ದಿನವೇ ಹೇಳುತ್ತಾರೆ. ಇವನು ಪ್ರೀತಿ ಉಕ್ಕಿ ಕೊನೆಯ, ಹತ್ತೊಂಬತ್ತನೇ ಅಧ್ಯಾಯವನ್ನು ಗಟ್ಟಿಯಾಗಿ ಓದಿಬಿಟ್ಟ. ಅದರಲ್ಲಿ ಕ್ಯಾಪ್ಟನ್ ನೀರಲ್ಲಿ ಮುಳುಗಿ ಸಾಯುತ್ತಾನೆ. ಕ್ಯಾಪ್ಟನ್ ಪೂರ್ತಿ ಕೇಳಿ, ಟೋಪಿ ತೆಗೆದಿಟ್ಟ. ಅಂದಿನಿಂದ ವೆನ್ಯಾನನ್ನು ಸ್ನಾನ ಮಾಡಲು ಬಿಡಲಿಲ್ಲ. ಬೋರ್ಶ್ ಸೂಪಿನ ಬಟ್ಟಲು ಕಂಡರೂ ಗೋಡೆಗೆ ಒತ್ತಿಕೊಳ್ಳುತ್ತಿದ್ದ. ಎರಡು ಭಾನುವಾರ ವೆನ್ಯಾ ಕ್ಯಾಪ್ಟನ್ನನ ಭಯಕ್ಕೆ ಮಣಿದು ಕಾಮಾ ಸೇತುವೆಗೆ ಮೊದಲೇ ಬಸ್ಸಿಳಿದು ಮನೆಗೆ ನಡೆದ. ಮೂರನೇ ಸಲವೂ ಬಾರದಿದ್ದರೆ ಇನ್ನು ಬರೆಯುವುದೇ ಬೇಡ ಎಂದು ರಿಮ್ಮಾ ತಿಳಿಸಿದಳು. 

ಮೂರನೇ ಭಾನುವಾರ ಬಸ್ಸಿನ ತುಂಬ ತೋಟಕ್ಕೆ ಹೊರಟ ಜನ. ಟೊಮೆಟೊ ಸಸಿಗಳ ಪೆಟ್ಟಿಗೆ ಹೊತ್ತ ಅಜ್ಜಿಯೊಬ್ಬಳು ವೆನ್ಯಾನ ಪಕ್ಕದ ಖಾಲಿ ಸೀಟಿಗೆ ಬಗ್ಗಿದಳು.

"ಅಲ್ಲಿ ಜನ ಇದಾರೆ," ಎಂದ ವೆನ್ಯಾ. ಗುರುತಿಲ್ಲದವರ ಜತೆ ತಾನಾಗಿ ಮಾತಾಡಿದ್ದು ಜನ್ಮದಲ್ಲಿ ಅದೇ ಮೊದಲು.

ಅಜ್ಜಿ ಸೀಟನ್ನು ನೋಡಿದಳು, ಅವನನ್ನು ನೋಡಿದಳು. "ಮುಖ ಯಾಕಪ್ಪಾ ಹಂಗಿದೆ ಅವರ್ದು?"

"ನೀರು ಕಂಡ್ರೆ ಭಯ, ಅಜ್ಜಿ. ಸೇತುವೆ ಬರ್ತಿದೆ."

"ಏನ್ ಕೆಲಸ ಮಾಡ್ತಾರೆ?"

"ಹಡಗಿನ ಕ್ಯಾಪ್ಟನ್."

"ನಮ್ಮ ಯಜಮಾನ್ರು ಕರೆಂಟ್ ಕಂಬ ಹತ್ತೋರು. ಮನೇಲಿ ಸ್ಟೂಲ್ ಹತ್ತಕ್ಕೆ ಹೆದರ್ತಿದ್ರು. ಕಣ್ಮುಚ್ಚಿಕೊಳ್ಳಕ್ಕೆ ಹೇಳು. ಇದನ್ನ ಹಿಡ್ಕೊಳ್ಳಲಿ, ಕೈಗೆ ಕೆಲಸ ಇದ್ರೆ ಭಯ ಆಗಲ್ಲ." ಪೆಟ್ಟಿಗೆಯನ್ನು ಕ್ಯಾಪ್ಟನ್ನನ ತೊಡೆಯ ಮೇಲಿಟ್ಟು, ಕಂಬಿ ಹಿಡಿದು ನಿಂತಳು.

ಬಸ್ಸು ಸೇತುವೆ ಹತ್ತಿತು. ಕೆಳಗೆ ಕಾಮಾ ತುಂಬಿ ಹರಿಯುತ್ತಿತ್ತು. ಕಣ್ಣು ಬಿಗಿಮುಚ್ಚಿದ ಕ್ಯಾಪ್ಟನ್ ಸಸಿಗಳನ್ನು ಅವುಚಿಕೊಂಡು ಕೂತಿದ್ದ. ವೆನ್ಯಾ ಅವನ ಭುಜ ಹಿಡಿದುಕೊಂಡಿದ್ದ. ಗಾಳಿಯನ್ನು ತಬ್ಬಿ ಕೂತವನನ್ನು ಇಡೀ ಬಸ್ಸು ನೋಡುತ್ತಿದ್ದರೂ ಅವನಿಗೆ ನಾಚಿಕೆಯಾಗಲಿಲ್ಲ.

"ಹತ್ತೊಂಬತ್ತನೇದು ಮುಗೀತಾ?" ಎಂದು ಕ್ಯಾಪ್ಟನ್ ಸಣ್ಣ ದನಿಯಲ್ಲಿ ಕೇಳಿದ.

"ಮುಗೀತು. ದಡ ಬಂತು. ಇನ್ಮೇಲಿಂದು ಯಾರೂ ಬರೆದಿಲ್ಲ."

ಇಳಿಯುವಾಗ ಅಜ್ಜಿ ಪೆಟ್ಟಿಗೆಯಿಂದ ಒಂದು ಸಸಿ ತೆಗೆದು, ಇದು ಕ್ಯಾಪ್ಟನ್ನನ ಕೂಲಿ ಎಂದು ವೆನ್ಯಾನ ಕೈಗಿತ್ತಳು. ಸ್ಟಾಪಿನಲ್ಲಿ ರಿಮ್ಮಾ ನಿಂತಿದ್ದಳು. ಎರಡು ವಾರ ತಡವಾದದ್ದಕ್ಕೆ ನ್ಯಾಯಾಧೀಶೆ ಕಾರಣ ಕೇಳುತ್ತಿದ್ದಾರೆ ಎಂದಳು. ವೆನ್ಯಾ ಬಂದ ಬಸ್ಸಿನ ಕಡೆಗೇ ತಿರುಗಿ ನೋಡಿದ.

"ಕಣ್ಮುಚ್ಕೋ," ಎಂದ ಕ್ಯಾಪ್ಟನ್. "ಕೈಗೆ ಕೆಲಸ ಕೊಡು."

ವೆನ್ಯಾ ಕಣ್ಣು ಮುಚ್ಚಿ ಸಸಿಯನ್ನು ಮುಂದೆ ಚಾಚಿದ. ಕಣ್ಣು ತೆರೆದಾಗ ಅದು ರಿಮ್ಮಾಳ ಕೈಯಲ್ಲಿತ್ತು.